ಅಮ್ಮ ಬೇಕೆಂದೇ ತೆಗೆದ ಜಗಳ

ನನ್ನ ಹೆಂಡತಿಯನ್ನು ಅವಳ ಅಂಗಡಿಯಲ್ಲಿ ಎಲ್ಲರೂ ಮಾಸ್ಟರ್ ಎಂದೇ ಕರೆಯುವುದು. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರೇ ಮಾಸ್ಟರ್. ಹೊಲಿಯುವ ಏಳು ಜನರಿಗೂ ಕೆಲಸ ಬರಬೇಕಾದದ್ದು ಅವಳ ಮೇಜಿನಿಂದ. ಹನ್ನೆರಡು ಪದರ ಬಟ್ಟೆ ಹಾಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕತ್ತರಿ ಇಟ್ಟಳೆಂದರೆ ಗೆರೆ ಮುಗಿಯುವವರೆಗೆ ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ಕಾಲಿಟ್ಟ ಗಿರಾಕಿಯನ್ನು ಒಮ್ಮೆ ನೋಡಿ, "ನಿಮ್ಮ ಬಲ ಭುಜ ಸ್ವಲ್ಪ ಇಳಿದಿದೆ, ಗೊತ್ತಾಗದ ಹಾಗೆ ಮಾಡ್ಕೊಡ್ತೀನಿ ಬನ್ನಿ" ಅನ್ನುತ್ತಿದ್ದಳು. ಗಿರಾಕಿ ತನ್ನ ಭುಜವನ್ನು ಜೀವಮಾನದಲ್ಲಿ ಮೊದಲ ಸಲ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ.

ಮನೆಯಲ್ಲಿ ಅವಳಿಗೆ ಸರಿಸಾಟಿ ಎಂದರೆ ನನ್ನ ಅಮ್ಮ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ಅಮ್ಮ. ಎರಡು ಜೋರು ಗಂಟಲು ಒಂದೇ ಅಡುಗೆಮನೆಯಲ್ಲಿ ಇದ್ದರೆ ಏನಾಗುತ್ತದೋ ಅದು ದಿನವೂ ಆಗುತ್ತಿತ್ತು. ಕಿಟಕಿ ತೆಗೆದಿಡಬೇಕೋ ಮುಚ್ಚಬೇಕೋ, ಒಗೆದ ಚಾದರವನ್ನು ಉದ್ದಕ್ಕೆ ಮಡಿಸಬೇಕೋ ಅಡ್ಡಕ್ಕೋ, ಚಹಾ ಎಷ್ಟು ಹೊತ್ತು ಕುದಿಯಬೇಕು, ಇವೆಲ್ಲಕ್ಕೂ ಜಗಳ. ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತಿದ್ದರು. ಹನ್ನೆರಡು ವರ್ಷದ ನಮ್ಮ ಮಗಳು, ನಾವು ಪುಟ್ಟಿ ಎನ್ನುತ್ತೇವೆ, ಊಟದ ತಟ್ಟೆ ಹಿಡಿದು ಅಂಪೈರ್ ಥರ ಕೂತು ಅಂಕ ಕೊಡುತ್ತಿದ್ದಳು.

ಆ ವರ್ಷದ ಮೊದಲಲ್ಲಿ ನನ್ನ ಮಾವ ತೀರಿಕೊಂಡರು. ಹೆಂಡತಿ ಅಪ್ಪನ ಮುದ್ದಿನ ಮಗಳು. ಹದಿನೈದು ದಿನ ತವರಿನಲ್ಲಿದ್ದು ವಾಪಸ್ ಬಂದಳು, ಕೆಲಸಕ್ಕೆ ಹೋದಳು. ಅಳಲಿಲ್ಲ. ಗಟ್ಟಿ ಹೆಂಗಸು ಎಂದುಕೊಂಡೆವು. ಎರಡು ಮೂರು ತಿಂಗಳ ನಂತರ ಒಂದೊಂದೇ ಬದಲಾವಣೆ ಶುರುವಾಯಿತು. ಎಲ್ಲರೂ ಬೆವರು ಒರೆಸಿಕೊಳ್ಳುವ ಕಾಲದಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ನಿದ್ದೆ ಹೋಗುತ್ತಿದ್ದಳು. ಪುಟ್ಟಿ ಶಾಲೆಯ ಕಥೆ ಹೇಳುತ್ತಿದ್ದರೆ ಗೋಡೆ ನೋಡುತ್ತಾ, ಕಥೆ ಮುಗಿದು ಎಷ್ಟೋ ಹೊತ್ತಾದ ಮೇಲೆ "ಹೂಂ" ಅನ್ನುತ್ತಿದ್ದಳು.

ನಾವೆಲ್ಲ ಅದಕ್ಕೆ ದುಃಖ ಎಂದು ಹೆಸರಿಟ್ಟೆವು. ಹತ್ತಿರದ ಡಾಕ್ಟರ್ ಕೂಡ ಹಾಗೇ ಅಂದರು. "ತಂದೆ ಹೋದ ನೋವು, ಮನಸ್ಸಿಗೆ ಹಚ್ಕೊಂಡಿದ್ದಾರೆ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಮೊದಲೇ ನಿದ್ದೆಯಲ್ಲಿದ್ದವಳು ಇನ್ನಷ್ಟು ನಿದ್ದೆ ಮಾಡಿದಳು. ನಾನು ಮಾಡಿದ್ದಂತೂ ಹೇಳಿಕೊಳ್ಳುವಂಥದ್ದಲ್ಲ. "ಎಲ್ಲರ ಅಪ್ಪಂದಿರೂ ಒಂದಿನ ಹೋಗ್ತಾರೆ. ಮನಸ್ಸು ಗಟ್ಟಿ ಮಾಡ್ಕೋ" ಎಂದು ಬುದ್ಧಿ ಹೇಳಿದೆ, ಅದೂ ಒಂದಲ್ಲ, ಹತ್ತು ಸಲ. ನಾನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ನಿಂತರೆ ಮೋಟಾರಿನಿಂದ ಹಿಡಿದು ಬಾಗಿಲಿನವರೆಗೆ ಒಂದೊಂದನ್ನೂ ಮುಟ್ಟಿ ನೋಡುತ್ತೇನೆ. ಹೆಂಡತಿಯನ್ನು ಮಾತ್ರ ದೂರದಿಂದ ನೋಡಿ ತೀರ್ಪು ಕೊಟ್ಟುಬಿಟ್ಟೆ.

ಆಮೇಲೆ ಕೋಟುಗಳ ವಿಷಯ. ಶಾಲೆಯೊಂದಕ್ಕೆ ನಲವತ್ತು ಕೋಟು ಹೊಲಿಯುವ ಕೆಲಸ ಬಂದಿತ್ತು. ತೋಳು ಕತ್ತರಿಸುವಾಗ ಅರ್ಧ ಬಟ್ಟೆಗೆ ಮಾದರಿಯನ್ನು ತಿರುಗಿಸಿ ಇಡಬೇಕು, ಆಗ ಎಡಕ್ಕೊಂದು ಬಲಕ್ಕೊಂದು ಬರುತ್ತದೆ. ಇವಳು ತಿರುಗಿಸುವುದನ್ನೇ ಮರೆತಳು. ಎಂಬತ್ತೂ ಎಡತೋಳು. ಹದಿನಾರು ವರ್ಷದ ಕೆಲಸದಲ್ಲಿ ಇಂಥದ್ದು ಆಗಿರಲಿಲ್ಲ. ಅಂಗಡಿಯ ಯಜಮಾನರು ಬೈಯಲಿಲ್ಲ. "ಮಾಸ್ಟರ್, ನೀವು ಸ್ವಲ್ಪ ದಿನ ಮನೇಲಿರಿ, ಆರಾಮಾಗಿ ಬನ್ನಿ" ಅಂದರಂತೆ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳು ಆಮೇಲೆ ಹೇಳಿದಳು. ತನ್ನ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಕಪಾಟಿನ ಮೇಲಿಟ್ಟು ಮಲಗಿಬಿಟ್ಟಳು.

ಮನೆಯಲ್ಲಿ ಒಬ್ಬರು ಹೀಗಾದರೆ ಉಳಿದವರಿಗೂ ಅದು ತಟ್ಟದೆ ಇರುವುದಿಲ್ಲ. ನಾನು ಕೆಲಸ ಮುಗಿದರೂ ಮನೆಗೆ ಬರಲು ನೆಪ ಹುಡುಕಿ ತಡಮಾಡತೊಡಗಿದೆ. ಪುಟ್ಟಿ ಗೆಳತಿಯರನ್ನು ಕರೆತರುವುದನ್ನು ಬಿಟ್ಟಳು, ಆಮೇಲೆ ಮಾತೇ ಕಡಿಮೆಯಾಯಿತು. ಶಾಲೆಯಿಂದ ಹೊಟ್ಟೆನೋವು ಎಂದು ಎರಡು ಸಲ ವಾಪಸ್ ಕಳಿಸಿದರು. ಒಂದು ಮಧ್ಯಾಹ್ನ ಅಮ್ಮ ಅವಳ ತಲೆ ಬಾಚುತ್ತಿದ್ದಾಗ ಮಗು ಕೇಳಿತಂತೆ: "ಅಜ್ಜಿ, ಅಮ್ಮಂಗೆ ನಾನಂದ್ರೆ ಇಷ್ಟ ಇಲ್ಲ ಅಲ್ವಾ?"

ಅಮ್ಮ ಅಂದಿನಿಂದ ಸೊಸೆಯ ಮೇಲೆ ಕಣ್ಣಿಟ್ಟಳು. ಅದಕ್ಕಿಂತ ಹೆಚ್ಚಾಗಿ, ಕಿವಿ ಇಟ್ಟಳು.

ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಹೆಂಡತಿ ಸ್ವೆಟರ್ ಹೊದ್ದು ಎದುರಿಗೆ ಕೂತಿದ್ದಳು. ಅಮ್ಮ ಒಳಗಿಂದ ಬಂದವಳೇ ಕಪಾಟಿನ ಮೇಲಿನ ಆ ಕತ್ತರಿಯನ್ನು ಬಿಚ್ಚಿ, ನನ್ನ ಕೈಯಿಂದ ಪೇಪರ್ ಕಿತ್ತುಕೊಂಡು, ಡಬ್ಬಿಗಳ ಕೆಳಗೆ ಹಾಸಲು ಚೌಕ ಚೌಕವಾಗಿ ಕತ್ತರಿಸತೊಡಗಿದಳು. ನನ್ನ ಜೀವ ಬಾಯಿಗೆ ಬಂತು. ಬಟ್ಟೆಯ ಕತ್ತರಿಗೆ ಕಾಗದ ತೋರಿಸುವಂತಿಲ್ಲ, ಅಲಗು ಮೊಂಡಾಗುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಅದರಲ್ಲಿ ಒಂದು ಲಕೋಟೆಯ ಅಂಚು ಕತ್ತರಿಸಿದ್ದಕ್ಕೆ ಅವಳು ಮೂರು ದಿನ ಮಾತು ಬಿಟ್ಟಿದ್ದಳು.

ಅಮ್ಮ ಕರಕರ ಎಂದು ಕತ್ತರಿಸುತ್ತಲೇ ಇದ್ದಳು. ಹೆಂಡತಿ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಪೇಪರ್ ಬೇಕಾ ಅತ್ತೆ? ಆ ಮೂಲೇಲಿದೆ" ಅಂದಳು.

ಅಮ್ಮನ ಕೈ ನಿಂತಿತು. ಕತ್ತರಿಯನ್ನು ಸೆರಗಿನಿಂದ ಒರೆಸಿ ಮತ್ತೆ ಸುತ್ತಿಟ್ಟು, ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಇದು ದುಃಖ ಅಲ್ಲ ಕಣೋ," ಅಂದಳು. "ನಿಮ್ಮಪ್ಪ ಹೋದಾಗ ನಾನು ದುಃಖದಲ್ಲಿದ್ದೆ. ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೂ ಮೈಮೇಲೆ ಹೋಗ್ತಿದ್ದೆ. ದುಃಖದಲ್ಲಿರೋಳಿಗೆ ಕೋಪ ಬರುತ್ತೆ. ಇವಳಿಗೆ ಅದೂ ಬರ್ತಿಲ್ಲ. ನಾನು ಬೇಕಂತಲೇ ಜಗಳ ತೆಗೆದೆ. ಜಗಳ ಆಡೋಕೂ ಅವಳೊಳಗೆ ಯಾರೂ ಇಲ್ಲ."

"ಮನಸ್ಸು ಸರಿ ಇಲ್ಲಮ್ಮ, ಅಷ್ಟೇ..."

"ಮನಸ್ಸು ಅಂತ ಸುಮ್ನೆ ಕೂರಬೇಡ. ಅವಳ ಧ್ವನಿ ಕೇಳಿದೀಯಾ ನೀನು? ಮೂವತ್ತು ವರ್ಷ ನಾನು ಮುಖ ನೋಡದೆ ಜನರ ಧ್ವನಿ ಕೇಳಿದೀನಿ. ಅಳೋರದ್ದು, ಕುಡಿದೋರದ್ದು, ಸುಳ್ಳು ಹೇಳೋರದ್ದು ಎಲ್ಲಾ ಗೊತ್ತು. ಇವಳ ಧ್ವನಿ ದಪ್ಪ ಆಗಿದೆ, ಎಳೀತಾ ಇದೆ. ಅದು ಗಂಟಲಿನ ಕೆಲಸ, ಮನಸ್ಸಿಂದಲ್ಲ."

ನಾನು ಕೂತು ಯೋಚಿಸಿದೆ. ನಿಜ. ಒಂದೇ ಮನೆಯಲ್ಲಿದ್ದು ನನಗೆ ಅದು ಕೇಳಿಸಿರಲಿಲ್ಲ.

ಮರುದಿನ ಅಮ್ಮ ಸೊಸೆಯನ್ನು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ಹಳೆಯ ಚೀಟಿ ನೋಡಿ, "ತಂದೆ ತೀರಿಕೊಂಡ ಮೇಲೆ ಶುರುವಾಯ್ತಾ?" ಎಂದು ಕೇಳಿದರು. ಹೆಂಡತಿ ಹೌದೆಂದು ತಲೆಯಾಡಿಸಿದಳು. ಡಾಕ್ಟರ್ ಪೆನ್ನು ತೆಗೆದುಕೊಳ್ಳುವಷ್ಟರಲ್ಲಿ ಅಮ್ಮ ತನ್ನ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಎಕ್ಸ್‌ಚೇಂಜಿನಲ್ಲಿ ಕರೆಗಳನ್ನು ಬರೆಯುತ್ತಿದ್ದ ಹಾಗೆಯೇ ಗೆರೆ ಹಾಕಿ, ತಾರೀಕು, ಸಮಯ ಹಾಕಿ ಬರೆದಿದ್ದಳು. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿದೆ. ಬಾಚಣಿಗೆ ತುಂಬ ಕೂದಲು. ಫ್ಯಾನ್ ಹಾಕಿದರೆ ಆರಿಸುತ್ತಾಳೆ. ಊಟ ಅರ್ಧ, ಆದರೂ ರವಿಕೆ ಬಿಗಿ. ಹಿಮ್ಮಡಿ ಒಡೆದಿದೆ. ಮೂರು ದಿನದಿಂದ ಹೊಟ್ಟೆ ಕಟ್ಟಿದೆ.

"ಅತ್ತೆ!" ಅಂದಳು ಹೆಂಡತಿ ನಾಚಿಕೆಯಿಂದ. "ಅದನ್ನೂ ಬರೆದ್ರಾ?"

"ಬರೀದೆ ಏನು? ಲೈನ್ ಎಲ್ಲಿ ಕಟ್ಟಾಗಿದೆ ಅಂತ ಗೊತ್ತಾಗಬೇಕಾದ್ರೆ ಎಲ್ಲಾ ಬರೀಬೇಕು."

ಡಾಕ್ಟರ್ ಪುಟ ತಿರುಗಿಸುತ್ತಾ ಹೋದಂತೆ ಅವರ ಮುಖ ಬದಲಾಯಿತು. ಎದ್ದು ಬಂದು ಹೆಂಡತಿಯ ಕುತ್ತಿಗೆಯ ಮೇಲೆ ಎರಡೂ ಕೈಗಳ ಬೆರಳಿಟ್ಟು, "ಉಗುಳು ನುಂಗಿ" ಅಂದರು. ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಮೇಲ್ಗಡೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ಛಕ್ಕೆಂದು ಚಿಮ್ಮಿತು, ಆದರೆ ವಾಪಸ್ ಬರುವಾಗ ಸೋಮಾರಿಯಂತೆ ನಿಧಾನವಾಗಿ ಇಳಿಯಿತು. ಅದನ್ನು ಎರಡು ಸಲ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ವರದಿ ಎರಡು ದಿನಕ್ಕೆ ಬಂತು. ಗಂಟಲಿನಲ್ಲಿರುವ ಥೈರಾಯ್ಡ್ ಗ್ರಂಥಿ ಬಹುತೇಕ ಕೆಲಸ ನಿಲ್ಲಿಸಿತ್ತು. ಡಾಕ್ಟರ್ ಬಿಡಿಸಿ ಹೇಳಿದರು: ಆ ಗ್ರಂಥಿಯ ರಸ ಕಡಿಮೆಯಾದರೆ ಮೈ ತಣ್ಣಗಾಗುತ್ತದೆ, ಮಿದುಳೂ ನಿಧಾನವಾಗುತ್ತದೆ, ನೆನಪು, ನಗು, ಆಸೆ ಎಲ್ಲ ಮಂಕಾಗುತ್ತವೆ. ದಿನಕ್ಕೊಂದು ಮಾತ್ರೆ, ಬಹುಶಃ ಜೀವನಪೂರ್ತಿ. "ತಂದೆಯವರ ದುಃಖ ಇಲ್ಲ ಅಂತ ನಾನು ಹೇಳ್ತಿಲ್ಲ," ಅಂದರು. "ಅದೂ ಇದೆ. ಆದರೆ ಅದನ್ನ ತಡ್ಕೊಳ್ಳೋ ಶಕ್ತಿನೇ ನಿಮ್ಮ ಮೈಯಲ್ಲಿ ಇರಲಿಲ್ಲ."

ಹೆಂಡತಿ ವರದಿಯಿಂದ ತಲೆ ಎತ್ತಿದಳು. "ಹಾಗಾದ್ರೆ ನಾನು ಕೆಟ್ಟೋಳಾಗಿಲ್ವಾ ಡಾಕ್ಟ್ರೇ?" ಎಂದು ಕೇಳಿದಳು. "ಮಗಳು ಬಂದು ತಬ್ಕೊಂಡ್ರೂ ನಂಗೇನೂ ಅನ್ನಿಸ್ತಿರಲಿಲ್ಲ. ನಾನು ಮನುಷ್ಯಳೇ ಅಲ್ಲ ಅಂದ್ಕೊಂಡಿದ್ದೆ."

ಡಾಕ್ಟರ್ ಅವಳ ಕೈಹಿಡಿದರು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಮನಸ್ಸು ಗಟ್ಟಿ ಮಾಡ್ಕೋ ಎಂದು ಹತ್ತು ಸಲ ಹೇಳಿದವನಿಗೆ ಬೇರೆಲ್ಲಿ ಮುಖ ತೋರಿಸಲು ಜಾಗ?

ಮಾತ್ರೆ ನುಂಗಿದ ಮರುದಿನವೇ ಎದ್ದು ಕುಣಿದಳು ಎಂದೇನಿಲ್ಲ. ಮೊದಲ ಮೂರು ವಾರ ಏನೂ ಆಗಲಿಲ್ಲ. "ಇದೂ ಸುಮ್ನೆ" ಎಂದು ಒಂದು ದಿನ ಮಾತ್ರೆಯನ್ನು ಪಕ್ಕಕ್ಕೆ ತಳ್ಳಿದಳು. ಅಮ್ಮ ನೀರಿನ ಲೋಟ ಹಿಡಿದು ಅಲ್ಲೇ ನಿಂತಳು. "ನೀನು ನುಂಗೋವರೆಗೂ ನಾನು ಚಹಾ ಕುಡಿಯಲ್ಲ. ನಂಗೆ ಚಹಾ ಸಿಗದಿದ್ರೆ ಏನಾಗುತ್ತೆ ಅಂತ ನಿಂಗೊತ್ತು." ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಆ ಅರ್ಧ ಗಂಟೆ ಇಬ್ಬರೂ ಮೆಟ್ಟಿಲಿಳಿದು ಬೀದಿಯ ಕೊನೆಯವರೆಗೆ ನಡೆದು ಬರತೊಡಗಿದರು, ಮೊಣಕಾಲು ನೋವಿನ ಅತ್ತೆ, ಮಂಕು ಹಿಡಿದ ಸೊಸೆ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಅಡುಗೆ ನನ್ನ ಪಾಲಿಗೆ ಬಂತು. ನನ್ನ ಅಡುಗೆ ಹೇಗಿತ್ತೆಂದರೆ, ಪುಟ್ಟಿ ಅಂಕ ಕೊಡುವುದನ್ನೂ ನಿರಾಕರಿಸಿದಳು.

ಏಳನೇ ವಾರ ಇರಬೇಕು. ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಒಳಗಿಂದ ಹೆಂಡತಿಯ ಧ್ವನಿ ಬಂತು, ಹಳೆಯ ಧ್ವನಿ:

"ಅತ್ತೆ, ನನ್ನ ಕತ್ತರೀಲಿ ಪೇಪರ್ ಕತ್ತರಿಸಿದ್ರಲ್ಲ, ನಿಮಗೆ ಸ್ವಲ್ಪಾನೂ ಬುದ್ಧಿ ಬೇಡ್ವಾ?"

"ಕತ್ತರಿಸಿ ಎರಡು ತಿಂಗಳಾಯ್ತಲ್ಲೇ, ಈಗ ಕೇಳ್ತೀಯ!"

"ಈಗ ನೆನಪಾಯ್ತು, ಈಗ ಕೇಳ್ತಿದೀನಿ. ಅಲಗು ನೋಡಿ, ಹಲ್ಲಿಲ್ಲದ ಮುದುಕಿ ಥರ ಆಗಿದೆ."

"ಯಾರನ್ನೇ ಮುದುಕಿ ಅಂದಿದ್ದು?"

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಮ್ಮ ಕಣ್ಣೊರೆಸಿಕೊಳ್ಳುತ್ತಲೇ ಬೈಯುತ್ತಿದ್ದಳು.

ಹೆಂಡತಿಯ ದೊಡ್ಡಗುಣ ನಾನು ಸರಿಯಾಗಿ ಕಂಡದ್ದು ಅದಾದ ಮೇಲೆ. ಮೈ ಬಿಸಿಯಾದಂತೆ ತಡೆದಿಟ್ಟ ದುಃಖವೂ ಕರಗಿ ಬಂತು. ಅಪ್ಪನ ಕನ್ನಡಕದ ಪೆಟ್ಟಿಗೆ ಹಿಡಿದು ಎರಡು ದಿನ ಅತ್ತಳು. ಈ ಸಲ ನಾವು ಹೆದರಲಿಲ್ಲ. ನಾನು ಬುದ್ಧಿ ಹೇಳಲಿಲ್ಲ, ಪಕ್ಕದಲ್ಲಿ ಕೂತೆ. ಅತ್ತು ಮುಗಿಸಿ ಅವಳು ಮೊದಲು ಮಾಡಿದ ಕೆಲಸ ಪುಟ್ಟಿಯನ್ನು ಕರೆದು ಕೂರಿಸಿಕೊಂಡದ್ದು. ಕಾಯಿಲೆ ಇತ್ತು, ಈಗ ವಾಸಿಯಾಯಿತು ಎಂದು ಹೇಳಿ ಮುಗಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

"ನೀನು ಹತ್ರ ಬಂದಾಗ ನಾನು ನಿನ್ನ ನೋಡ್ತಿರಲಿಲ್ಲ. ಅದು ನಿಂಗೆ ಅನ್ನಿಸಿದ್ದು ಸುಳ್ಳಲ್ಲ," ಅಂದಳು. "ನನ್ನ ಮೈ ಕೆಟ್ಟಿತ್ತು, ಅದಕ್ಕೇ ಹಾಗಾಯ್ತು. ಆದ್ರೂ ನಿಂಗೆ ನೋವಾಗಿದ್ದು ಆಗಿದ್ದೇ. ನಿಂಗೆ ಕೋಪ ಇದ್ರೆ ಇಟ್ಕೋ, ನಾನು ಕಾಯ್ತೀನಿ."

ಪುಟ್ಟಿ ಎದ್ದು ಹೋದಳು. ಅವಳಮ್ಮ ಹಿಂದೆ ಬೀಳಲಿಲ್ಲ. ಕಾದಳು. ವಾರಗಟ್ಟಲೆ, ಮುಖ ಗಂಟಿಕ್ಕಿಕೊಂಡ ಮಗಳಿಗೆ ಬುತ್ತಿ ಕಟ್ಟಿಕೊಟ್ಟು, ಮಾತು ಬಂದರೆ ಮಾತಾಡಿ, ಬಾರದಿದ್ದರೆ ಸುಮ್ಮನಿದ್ದು. ಒಬ್ಬ ಮನುಷ್ಯ ತನ್ನದಲ್ಲದ ತಪ್ಪಿಗೆ ಅಷ್ಟು ತಾಳ್ಮೆಯಿಂದ ಉತ್ತರ ಕೊಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಷ್ಟರಲ್ಲಿ ಅಂಗಡಿಗೂ ವಾಪಸ್ ಹೋದಳು, ಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ಈಗಲೂ ಕೆಲವು ದಿನ ಸುಸ್ತಾಗುತ್ತಾಳೆ. ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ ಮಾಡಿಸಬೇಕು, ಮಾತ್ರೆ ಹೆಚ್ಚುಕಡಿಮೆ ಮಾಡಬೇಕು. ಸುಸ್ತಾದ ದಿನ ತಾನೇ ಮೊದಲು ಹೇಳುತ್ತಾಳೆ, ನಾವು ಊಹಿಸುತ್ತ ಕೂರಬೇಕಾಗಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆತರಲು ಅಂಗಡಿಗೆ ಹೋಗಿದ್ದೆ. ಪುಟ್ಟಿ ಶಾಲೆಯಿಂದ ನೇರ ಅಲ್ಲಿಗೇ ಬಂದು, ಕತ್ತರಿಸುವ ಮೇಜಿನ ತುದಿಯಲ್ಲಿ ಬ್ಯಾಗಿಟ್ಟು, "ನಂಗೊಂದು ಪ್ಯಾಂಟ್ ಬೇಕು. ಜೇಬು ನಿಜವಾಗ್ಲೂ ಕೈ ಹಿಡಿಸೋ ಥರ ಇರಬೇಕು" ಅಂದಳು. ಹೆಂಡತಿ ಅಳತೆ ಪುಸ್ತಕ ತೆಗೆದು ಮಗಳ ಹಾಳೆ ಹುಡುಕಿದಳು. ಕೊನೆಯ ಅಳತೆ ಒಂದೂವರೆ ವರ್ಷದ ಹಿಂದಿನದು. ಟೇಪನ್ನು ಸೊಂಟದಿಂದ ಹಿಮ್ಮಡಿಗೆ ಇಳಿಬಿಟ್ಟು, ಮಂಡಿಯೂರಿ ಓದಿದಳು, ನಂಬದೆ ಇನ್ನೊಮ್ಮೆ ಓದಿದಳು.

"ನಾಲ್ಕು ಬೆರಳು ಬೆಳೆದಿದೀಯಲ್ಲೇ!"

"ಹೂಂ," ಅಂದಳು ಪುಟ್ಟಿ. "ಬಗ್ಗಿ ನಿಲ್ಲಬೇಡ ಅಂತೀಯಲ್ಲ, ಈಗ ನೆಟ್ಟಗೆ ನಿಂತಿದೀನಿ. ಸರಿಯಾಗಿ ಅಳಿ."

ಹಳೆಯ ಸಂಖ್ಯೆಯ ಮೇಲೆ ಗೆರೆ ಎಳೆದು, ಕೆಳಗೆ ಹೊಸದನ್ನು ಬರೆದು, ಹೆಂಡತಿ ಮಗಳ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದಳು. ಪ್ಯಾಂಟಿಗೆ ಬೇಡದಿದ್ದರೂ, ಆ ಹಾಳೆಯಲ್ಲಿ ತೋಳಿನ ಅಳತೆಯೊಂದು ಇನ್ನೂ ಬಾಕಿ ಇತ್ತು.