ಪ್ರೆಬೆನ್ ತರಬೇಕಿದ್ದ ಕೇಕು

ನಮ್ಮ ಪ್ರಯೋಗಾಲಯದಲ್ಲಿ ತಪ್ಪು ಮಾಡಿದವರು ಶುಕ್ರವಾರ ಎಲ್ಲರಿಗೂ ಕೇಕು ತರಬೇಕು. ಡೆನ್ಮಾರ್ಕಿನಲ್ಲಿ ಯಾರೂ ಬೈಯುವುದಿಲ್ಲ, ಕೇಕು ತರಿಸುತ್ತಾರೆ. ಈ ವಾರ ಅದು ನನ್ನ ತಲೆಗೆ ಬಂತು.

ನಾನು ಸಿಡ್ಸೆಲ್. ಹಂದಿ ಕಸಾಯಿಖಾನೆಯಲ್ಲಿ ಮಾಂಸ ಕೊಯ್ಯುವವಳ ಮಗಳು, ಜೀವವಿಜ್ಞಾನದ ವಿದ್ಯಾರ್ಥಿನಿ. ಎರಡು ಚಳಿಗಾಲ ನಾನು ಮಾಡಿದ ವಿಜ್ಞಾನವೆಂದರೆ ಗೊಬ್ಬರದಿಂದ ಬಾವಿ ನೀರಿಗಿಳಿಯುವ ನೈಟ್ರೇಟ್ ವಿಷದ ಅಂಕಿಗಳನ್ನು ಯಂತ್ರದ ಪರದೆಯಲ್ಲಿ ನೋಡಿ ಕಂಪ್ಯೂಟರಿಗೆ ಕುಟ್ಟುವುದು. ನಾಲ್ಕು ಸಾವಿರ ಸಾಲು! ಹತ್ತು ಸಾಲಿನ ಪ್ರೋಗ್ರಾಂ ಬರೆದರೆ ಯಂತ್ರವೇ ಈ ಕೆಲಸ ಮಾಡುತ್ತದಂತೆ. ಅದನ್ನು ಕಲಿಸುವ ತರಗತಿಗೆ ಅರ್ಜಿ ಬರೆದಿಟ್ಟಿದ್ದೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಪ್ರಾಧ್ಯಾಪಕ ಪ್ರೆಬೆನ್‌ನ ಸಹಿಯೊಂದು ಬಾಕಿ.

"ನಿಂಗ್ಯಾಕೆ ಪ್ರೋಗ್ರಾಮಿಂಗು? ಅದು ಎಂಜಿನಿಯರ್ ಹುಡುಗರ ಕೆಲಸ. ನಿನ್ನ ಕೈಕೆಲಸ ಎಷ್ಟು ಚೊಕ್ಕ!" ಮೂರು ವಾರದಿಂದ ಅವನದು ಇದೇ ರಾಗ.

ಸೋಮವಾರ ಅವನ ವರದಿ ಓದಿದೆ. ನಮ್ಮೂರ ಬಾವಿ ಶುದ್ಧವಂತೆ! ಸುತ್ತ ಹಂದಿಗೊಬ್ಬರ ಸುರಿಯುವ ಹೊಲಗಳಿವೆ. ಆ ಬಾವಿಯ ಅಂಕಿಯನ್ನು ನಾನೇ ಕುಟ್ಟಿದ್ದೆ, ಪಟ್ಟಿಯಲ್ಲೇ ಅತಿ ಕೆಟ್ಟದ್ದು. ಹುಡುಕಿದರೆ, ಪ್ರೆಬೆನ್ ಅಂಕಿಗಳ ಕಾಲಂ ಒಂದನ್ನೇ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಬಿಟ್ಟಿದ್ದ. ಊರ ಹೆಸರುಗಳು ಇದ್ದಲ್ಲೇ ಇದ್ದವು. ನಮ್ಮ ವಿಷ ಇನ್ಯಾವುದೋ ಊರಿನ ಪಾಲಾಗಿತ್ತು.

ತೋರಿಸಿದೆ. "ಅಯ್ಯೋ, ಸರಿ ಮಾಡೋಣ" ಎಂದ. ಆಮೇಲೆ, "ಕುಟ್ಟಿದವಳು ನೀನೇ ತಾನೆ? ಕೇಕು ನಿಂದೇ!" ಎಲ್ಲರೂ ನಕ್ಕರು. ಪ್ರಾಧ್ಯಾಪಕನನ್ನೂ ಹೆಸರು ಹಿಡಿದು ಕರೆಯುವ ಸಮಾನರು ನಾವು. ಆ ಸಮಾನತೆ ನಾಲಿಗೆಯಿಂದ ಕೆಳಗಿಳಿಯುವುದಿಲ್ಲ.

ಶುಕ್ರವಾರ ಹನ್ನೊಂದೂವರೆಗೆ ಕೇಕಿನ ಡಬ್ಬಿ ಮೇಜಿನ ಮೇಲಿಟ್ಟೆ. ಮುಚ್ಚಳದ ಮೇಲೆ ಅರ್ಜಿ.

"ಮೊದಲು ಇದು, ಪ್ರೆಬೆನ್."

'ನಿಮ್ಮ ಹಿನ್ನೆಲೆ ಮತ್ತು ಆಸಕ್ತಿ' ಎಂಬಲ್ಲಿ ಬರೆದದ್ದನ್ನು ಅವನು ಓದಿದ: 'ನಾಲ್ಕು ಸಾವಿರ ಸಾಲು ಕೈಯಲ್ಲಿ ಕುಟ್ಟಿದ್ದೇನೆ. ನನ್ನ ಪ್ರಾಧ್ಯಾಪಕ ಒಂದು ಕಾಲಂ ಜೋಡಿಸಿ ನಮ್ಮೂರ ವಿಷದ ನೀರನ್ನು ಶುದ್ಧ ಮಾಡಿದ. ಅಂಥ ತಪ್ಪು ಹಿಡಿಯುವ ಪ್ರೋಗ್ರಾಂ ಬರೆಯಬೇಕಾಗಿದೆ.'

ಅವನ ಕಿವಿ ಕೆಂಪಾಯಿತು. "ಇದನ್ನ ಕಳಿಸ್ತೀಯಾ?"

"ಇನ್ನೇನು ಬರೀಲಿ? ನಂಗಿರೋ ಹಿನ್ನೆಲೆ ಇದೇ."

ಗಾಜಿನ ಸಾಮಾನು ತೊಳೆಯುವ ಗುಡ್ರುನ್ ಒಳಗಿನಿಂದ ಕೂಗಿದಳು, "ಹಾಕೋ ಸಹಿ, ಮಾರಾಯ! ಕಾಫಿ ಆರ್ತಿದೆ."

ಹಾಕಿದ. ಹಾಕಿ, ಚಾಕುವಿಗೆ ಕೈ ಚಾಚಿದ. ನಾನು ಡಬ್ಬಿ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡೆ.

"ಇದು ಅಮ್ಮನ ಜೊತೆ ಮಾಂಸ ಕೊಯ್ಯೋರಿಗೆ. ಅವರು ಕುಡಿಯೋದು ಅದೇ ಬಾವಿ ನೀರು. ನಿಮ್ಮ ಕೇಕನ್ನ ಪ್ರೆಬೆನ್ ತರ್ತಾನೆ."

ಗಡುವಿಗೆ ಹತ್ತು ನಿಮಿಷವಿತ್ತು. ಅರ್ಜಿ ಹಿಡಿದು ಮೆಟ್ಟಿಲಿಳಿದು ಓಡಿದೆ.