ಉಳಿದ ಮೂರು ಕಾಜ

ಇಸ್ತ್ರಿಪೆಟ್ಟಿಗೆಯ ಉಗಿ ಕನ್ನಡಕದ ಮೇಲೆ ಕೂತು ಅಂಗಡಿಯೆಲ್ಲ ಮಂಜಾಗಿದೆ, ಒರೆಸಿದರಾಯಿತು, ಆದರೆ ಕೈ ಎತ್ತಬೇಕಲ್ಲ, ನನ್ನವಳು ತೀರಿಹೋದ ಈ ಐದು ತಿಂಗಳಿಂದ ಕೈ ಎತ್ತುವುದೇ ಒಂದು ಕೆಲಸ — ನೆನೆದ ಕಂಬಳಿ ಹೊದ್ದ ಹಾಗೆ ಮೈ, ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ನೋಡುತ್ತ ಒಂದು ಗಂಟೆ ಕೂತಿದ್ದೆ, ಅಳು ಬಂದಿದ್ದರೆ ಚೆನ್ನಾಗಿತ್ತು, ಅದೂ ಇಲ್ಲ, ಬರೀ ಭಾರ. ದೇವರ ಮುಂದೆ ನಿಂತರೆ ಬಾಯಿಪಾಠವಾಗಿದ್ದ ಪ್ರಾರ್ಥನೆ ನಡುವೆಯೇ ತಪ್ಪಿಹೋಗುತ್ತದೆ, ತಪ್ಪಿದಲ್ಲಿ ಎತ್ತಿಕೊಡುತ್ತಿದ್ದವಳು ಅವಳು, ಸರಿ ಭಗವಂತ, ಅರ್ಧ ಮನುಷ್ಯನಿಂದ ಅರ್ಧ ಪ್ರಾರ್ಥನೆ, ಅಳತೆ ನಿನಗೆ ಗೊತ್ತಿಲ್ಲವೇ. ಕೆಲಸದಲ್ಲಿ ಮಾತ್ರ ಅರ್ಧ ಎಂಬುದಿಲ್ಲ. ವಕೀಲರ ಕಪ್ಪು ಕೋಟು ಸಂಜೆ ಐದಕ್ಕೆ ಕೊಡಬೇಕು, ನಾಳೆ ಅವರು ನ್ಯಾಯಾಧೀಶರಾಗಿ ಪೀಠದಲ್ಲಿ ಕೂರುತ್ತಾರೆ, ಮಾಸ್ಟ್ರೇ, ನನ್ನ ಮೊದಲನೇ ಕೋಟೂ ನಿಮ್ದೇ, ಇದೂ ನಿಮ್ದೇ ಆಗ್ಬೇಕು ಅಂದರು, ಹಾಗೆ ಹೇಳಿಸಿಕೊಳ್ಳುವ ದರ್ಜಿ ಊರಿಗೆ ಎಷ್ಟು ಜನ — ಭುಜ ಕೂತಿದೆ, ಕಾಲರು ಕುತ್ತಿಗೆಯನ್ನು ಅಪ್ಪಿದೆ, ಬೇರೆ ಯಾವನಾದರೂ ಹಾಗೆ ಕೂರಿಸಲಿ ನೋಡೋಣ. ಉಳಿದಿರುವುದು ಗುಂಡಿ ತೂರುವ ಮೂರು ಕಾಜ. ಕಾಜ ನನ್ನದಲ್ಲ, ನಲವತ್ತೊಂದು ವರ್ಷ ಅವಳದು, ರೀ, ಕತ್ತರಿ ನಿಮ್ದು, ಸೂಜಿ ನಂದು, ಈ ಕಡೆ ತಲೆ ಹಾಕ್ಬೇಡಿ, ನೀವು ಹಾಕಿದ ಕಾಜದಲ್ಲಿ ಗುಂಡಿಯಲ್ಲ, ಕುಂಬಳಕಾಯಿ ತೂರುತ್ತೆ ಅನ್ನುತ್ತಿದ್ದಳು. ಬೀದಿಗೆಲ್ಲ ಕಾಜದಮ್ಮ ಅವಳು. ಬಟ್ಟೆ ಸವೆದು ಕೋಟು ಮೂಲೆ ಸೇರಿದರೂ ಅವಳ ಕಾಜದ ಒಂದು ಎಳೆ ಅಲುಗಿದ್ದಿಲ್ಲ. ಎಡಗೈಯವಳು, ಅದಕ್ಕೇ ನಾನು ಕಾಜದ ಗುರುತುಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿ ಕೊಡುತ್ತಿದ್ದೆ.

ಇವತ್ತೂ ಹಾಗೆಯೇ ಹಾಕಿ, ಕೋಟನ್ನು ಕಿಟಕಿಯ ಬಳಿ ಅವಳ ಸ್ಟೂಲಿನ ಮೇಲಿಟ್ಟು, ಬಂದು ಮೆಷಿನ್ನಿನ ಮುಂದೆ ಕೂತೆ, ಹತ್ತಾಯಿತು, ಹನ್ನೊಂದಾಯಿತು, ಸಿಟ್ಟು ಬಂತು, ಎಷ್ಟು ಹೊತ್ತೇ, ಇನ್ನೂ ಆಗ್ಲಿಲ್ವಾ ಎಂದು ಕೂಗಿಯೇಬಿಟ್ಟೆ. ನನ್ನನ್ನು ನೋಡಿಕೊಳ್ಳಲು ಬಂದಿರುವ ಮಗಳು ಒಳಗಿನಿಂದ ಓಡಿ ಬಂದಳು, ಯಾರನ್ನಪ್ಪ ಕೂಗಿದ್ದು. ಮೆಷಿನ್ನನ್ನ. ಮೆಷಿನ್ನು ಸ್ಟೂಲಿನ ಮೇಲಿದ್ಯಾ ಅಂದಳು, ನಗಲು ನೋಡಿದಳು, ಆಗಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ತಗೊಂಡ್ಯಾ, ತಗೊಂಡೆ — ಸುಳ್ಳು, ನಿನ್ನೆಯದೂ ಹಾಗೇ ಇದೆ. ಅಪ್ಪ, ಎದುರುಗಡೆ ಅಂಗಡೀಲಿ ಕಾಜ ಹಾಕೋ ಮೆಷಿನ್ ಇದೆ, ಐದೇ ನಿಮಿಷ, ಕೊಡು, ನಾನೇ ಹಾಕಿಸ್ಕೊಂಡು ಬರ್ತೀನಿ. ನಿಮ್ಮಮ್ಮ ಇದ್ದ ಅಂಗಡಿ ಕಣೇ ಇದು, ಇಲ್ಲಿಂದ ಕೋಟು ಕಾಜಕ್ಕೆ ಎದುರುಗಡೆ ಹೋಗಲ್ಲ. ಹಾಗಿದ್ರೆ ನೀನೇ ಹಾಕು, ಆಗಲ್ಲ ಅಂದ್ರೆ ಬೀಗ ಹಾಕಿ ನಮ್ಮನೇಗೆ ಬಾ, ಗೋಡೆ ನೋಡ್ಕೊಂಡು ಇನ್ನೆಷ್ಟು ದಿನ ಅಪ್ಪ. ಮಗಳ ತಪ್ಪಲ್ಲ, ಹೆದರಿದ್ದಾಳೆ.

ಎದ್ದೆ. ಸ್ಟೂಲಿನ ಮೇಲೆ ನಾನು ಕೂತದ್ದು ಇದೇ ಮೊದಲು, ಎಷ್ಟು ಗಿಡ್ಡ ಇದು, ಇಲ್ಲಿಂದ ಕಾಣುವುದು ಮೆಷಿನ್ನಿನ ಮುಂದಿನ ನನ್ನ ಜಾಗ, ಅಂದರೆ ನಲವತ್ತೊಂದು ವರ್ಷ ಅವಳಿಗೆ ಕಂಡದ್ದು ನನ್ನ ಬೆನ್ನು, ಒಮ್ಮೆಯಾದರೂ ತಿರುಗಿದ್ದೆನೇ, ಬೆನ್ನು ನೋಡಿಕೊಂಡೇ ದಿನವಿಡೀ ಹಾಡು ಗುನುಗುತ್ತಿದ್ದಳೇ. ಗುರುತು ನನ್ನ ಕೈಗೆ ತಿರುವುಮುರುವು, ಕೋಟನ್ನೇ ತಲೆಕೆಳಗು ಮಾಡಿಕೊಂಡೆ, ಅವಳ ಕೈಯನ್ನು ನಕಲು ಮಾಡುವುದಿಲ್ಲ, ಅದು ಕಳ್ಳತನ, ನನ್ನ ಕಾಜ ನನ್ನ ಕಾಜದ ಹಾಗೆಯೇ ಇರಲಿ, ಕೆಟ್ಟರೆ ತಲೆಯೆತ್ತಿ ನಿಂತು ಕೆಟ್ಟಿತು ಅನ್ನುತ್ತೇನೆ. ಮೊದಲು ಸೀಳಬೇಕು, ಆಮೇಲೆ ಹೊಲಿಗೆ, ಸೀಳಿದ ಬಟ್ಟೆ ಮತ್ತೆ ಕೂಡುವುದಿಲ್ಲ, ಅವಳು ಉಸಿರು ಬಿಗಿಹಿಡಿದು ಒಂದೇ ಏಟಿಗೆ ಸೀಳುತ್ತಿದ್ದಳು — ಕತ್ತರಿ ಹಿಡಿದ ಕೈ ಎತ್ತಿದೆನಲ್ಲ, ಭಗವಂತ, ಎತ್ತಿದೆ — ಕಚ್. ಸೀಳು. ಮಗಳು ಬಾಗಿಲಲ್ಲಿ ನಿಂತೇ ಇದ್ದಾಳೆ, ಇನ್ನು ನೂಲು ಪೋಣಿಸಬೇಕು, ಸೀಳು, ಎರಡು ಎಳೆ ಆಗಲೇ ಬಿಚ್ಚಿಕೊಂಡಿವೆ, ಬೇಗ ಹಿಡಿಯಬೇಕು, ಕಪ್ಪು ಬಟ್ಟೆಯಲ್ಲಿ ಒಂದು ಅಂಗುಲದ ಸೀಳು, ಅದರೊಳಗಿಂದ ಕಿಟಕಿಯ ಬೆಳಕು, ಸೀಳು, ಅಂಚಿಲ್ಲದ್ದು, ಬೆಳಕು, ಆ ಬೆಳಕಿಗೇ ಸೂಜಿಯ ಕಣ್ಣು ಹಿಡಿದೆ