ಕಿಂಡಿಯ ಮೇಲಿನ ಹೆಬ್ಬೆರಳು

ಒಲೆಯಲ್ಲಿ ಕಲ್ಲಿದ್ದಲು ಕುಸಿದದ್ದೋ, ಬಾಗಿಲು ಬಡಿದದ್ದೋ, ಕರ್ನಲ್ ಥರ್ಲ್‌ಬಿಗೆ ಎರಡೂ ಒಂದೇ, ಇಡೀ ಆಯಸ್ಸು ಫಿರಂಗಿಯ ಪಕ್ಕ ನಿಂತವನ ಕಿವಿಯಲ್ಲಿ ಇನ್ನೇನು ಉಳಿದಿರುತ್ತದೆ ಮಣ್ಣು — ಹೆಂಡತಿ ಆಗಸ್ಟ ಬಾಯಿ ಆಡಿಸುತ್ತಿದ್ದಾಳೆ, ಯಾರ ಮಾತಾದರೂ ತುಟಿ ನೋಡಿಯೇ ತಿಳಿಯಬೇಕು, ಯಾರೋ ಜೆಪ್ಸನ್ ಅಂತೆ ಕಣ್ರೀ, ಕ್ರೈಮಿಯಾ ಯುದ್ಧದಲ್ಲಿ ನಿಮ್ಮ ಕೈಕೆಳಗಿದ್ದನಂತೆ, ಟೋಪಿ ಹಿಡ್ಕೊಂಡು ನಿಂತಿದಾನೆ ಪಾಪ, ಒಳಗೆ ಕರೀಲಾ — ಜೆಪ್ಸನ್, ಜೆಪ್ಸನ್, ಎತ್ತರದವನೋ ಕುಳ್ಳನೋ, ಹದಿನಾರಕ್ಕೆ ವುಲಿಚ್‌ನ ಫಿರಂಗಿ ಶಾಲೆ ಸೇರಿದಾಗಿನಿಂದ ಎಷ್ಟು ಮುಖಗಳು, ಕುದುರೆ ದಂಡಿನ ಸಿರಿವಂತರ ಮಕ್ಕಳು ದುಡ್ಡು ಸುರಿದು ಬಡ್ತಿ ಕೊಂಡರು, ಫಿರಂಗಿಯವರು ಮಾತ್ರ ಮೇಲಿನವನು ಸಾಯಲಿ ಅಂತ ಕಾಯಬೇಕು, ಕಾದ, ಕಾದು ಕಾದು ಕರ್ನಲ್ ಆದ, ಆಗುವಷ್ಟರಲ್ಲಿ ಹಲ್ಲೆಲ್ಲ ಹೋಗಿತ್ತು.

ಎದುರಿಗೆ ಮುದುಕನೊಬ್ಬ ಕೂತಿದ್ದಾನೆ, ಯಾವಾಗ ಬಂದ? ಸಾಹೇಬ್ರೇ, ನೋಕ್ಸ್ ನೆನಪಿದಾನಾ, ಮದ್ದು ತುಂಬ್ತಿದ್ದವ್ನು, ನನ್ನ ಹೆಂಡ್ತಿ ತಮ್ಮ — ನೋಕ್ಸ್, ಹೂಂ, ಕೆಂಪು ಮೀಸೆ, ಮದ್ದಿನ ಚೀಲ ನಳಿಗೆಯೊಳಗೆ ನೂಕುವಾಗಲೇ ಸಿಡಿದು ಹೋದ, ಗುಂಡು ಹಾರಿದ ಮೇಲೆ ಒದ್ದೆ ಕುಂಚ ಆಡಿಸಿ ಒಳಗಿನ ಕಿಡಿ ಆರಿಸಬೇಕು, ಆಮೇಲೆ ಮದ್ದು, ಅಷ್ಟು ಹೊತ್ತೂ ಫಿರಂಗಿಯ ಹಿಂಬದಿಯ, ಬೆಂಕಿ ಮುಟ್ಟಿಸುವ ಸಣ್ಣ ಕಿಂಡಿಯನ್ನು ಒಬ್ಬ ಹೆಬ್ಬೆರಳಿಂದ ಒತ್ತಿ ಹಿಡಿದಿರಬೇಕು, ಗಾಳಿ ಹೊಕ್ಕರೆ ಕಿಡಿ ಏಳುತ್ತದೆ, ಆ ಒಬ್ಬ ಈ ಜೆಪ್ಸನ್, ಬೆರಳು ಎತ್ತಿಬಿಟ್ಟ, ವರದಿ ಬರೆದದ್ದು ತಾನೇ, ಜೆಪ್ಸನ್ ಬೆರಳು ಎತ್ತಿದ, ನೋಕ್ಸ್ ಸತ್ತ, ಎರಡೇ ಸಾಲು. ಎತ್ತಿದ್ದನ್ನು ಕಂಡೆನಾ? ಹೊಗೆ, ಬರೀ ಹೊಗೆ, ರಷ್ಯದವರ ಗುಂಡು ತಲೆಯ ಮೇಲೆ, ಯಾರೋ ಅರಚುತ್ತಿದ್ದಾರೆ, ಕುಂಚ ಬೇಡ, ತುಂಬು, ತುಂಬು — ಯಾರ ದನಿ ಅದು? ಕ್ಯಾಪ್ಟನ್ನನದು. ಅಲ್ಲ, ಕ್ಯಾಪ್ಟನ್ ಹಿಂದಿನ ದಿನವೇ ಸತ್ತಿದ್ದ, ಅವನ ಜಾಗಕ್ಕೇ ತಾನು ಬಂದದ್ದು.

ಮೂವತ್ತು ವರ್ಷ ಆಯ್ತು ಸಾಹೇಬ್ರೇ, ನನ್ನ ತಮ್ಮನ್ನ ತಿಂದೋನು ಅಂತಾಳೆ ಹೆಂಡ್ತಿ, ತಟ್ಟೆ ಇಡ್ತಾಳೆ, ಮುಖ ನೋಡಲ್ಲ, ಈಗ ಹಾಸಿಗೆ ಹಿಡ್ದವ್ಳೆ, ಇವತ್ತೋ ನಾಳೆಯೋ, ನಾನು ಬೆರಳು ಎತ್ತಿರ್ಲಿಲ್ಲ ಅಂತ ನೀವು ಬಂದು ಒಂದ್ ಮಾತು ಹೇಳಿ, ನಿಮ್ಮ ಮಾತಾದ್ರೆ ನಂಬ್ತಾಳೆ. ಹೇಳಬಹುದು, ಸಾಯುವವಳಿಗೆ ಒಂದು ಮಾತು, ಹೇಳಿದರೆ — ಹೇಳಿದರೆ ಹಾಗಾದರೆ ತಮ್ಮ ಸತ್ತದ್ದು ಹೇಗೆ, ಕುಂಚ ಬೇಡ ಅಂದವನು ಯಾರು ಅಂತ ಕೇಳುತ್ತಾಳಲ್ಲ — ನೆನಪಿಲ್ಲಪ್ಪ ಜೆಪ್ಸನ್, ವಯಸ್ಸಾಯ್ತು, ಅನ್ನುತ್ತಾನೆ ಕರ್ನಲ್, ಆಗಸ್ಟ ತಲೆ ತಗ್ಗಿಸುತ್ತಾಳೆ, ಗಡಿಯಾರ ಹನ್ನೊಂದು ಹೊಡೆಯಿತೋ ಹನ್ನೆರಡೋ. ಜೆಪ್ಸನ್ ಜಗಳಕ್ಕೆ ಬರುವುದಿಲ್ಲ, ಅವತ್ತು ಕೈಗೆ ಬಟ್ಟೆ ಸುತ್ತಿದ್ರು, ಯಾರೂ ಬಿಚ್ಚಿ ನೋಡ್ಲಿಲ್ಲ, ಅನ್ನುತ್ತ ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಡುತ್ತಾನೆ — ಹೆಬ್ಬೆರಳು, ಅದರ ನಡುವೆ ಕಪ್ಪು ಕಲೆ, ಕಿಂಡಿಯಷ್ಟೇ ಅಗಲ, ಕಿಂಡಿಯಷ್ಟೇ ಗುಂಡಗೆ, ಬೆಂಕಿ ಕೆಳಗಿಂದ ನುಗ್ಗಿದಾಗಲೂ ಎತ್ತದೆ ಒತ್ತಿಯೇ ಹಿಡಿದ ಬೆರಳು — ಕ್ಯಾಪ್ಟನ್ ಸತ್ತಿದ್ದ, ಹೊಗೆ ಇತ್ತು — ಆ ಬೆರಳು — ಏಳಬೇಕು, ಹೋಗಿ ಅವಳಿಗೆ ಹೇಳಬೇಕು, ಕೋಟು ಎಲ್ಲಿ, ಆಗಸ್ಟ, ಕೋಟು — ಆ ಬೆರಳು, ಅದರ ನಡುವೆ, ಗುಂಡಗೆ, ಕಪ್ಪಗೆ